ಮೂರನೇ ಮಹಡಿಗೆ ಮುಧೋಳ ನಾಯಿ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಕ್ಕನ ಗಂಡ ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಗೋಣಿಚೀಲ ಸರಿಸಿದರು. ಅದರ ಹಿಂದೆ ಐದು ಮುಧೋಳ ಮರಿಗಳು ಒಂದರ ಮೇಲೊಂದು ಮಲಗಿದ್ದವು. ಏಳು ವಾರದವು. ಕಂದು ಬಣ್ಣದ್ದೊಂದು ಎದ್ದು, ಮೈಗೆ ಇನ್ನೂ ಒಗ್ಗದ ತನ್ನ ಉದ್ದ ಕಾಲುಗಳನ್ನು ಎಳೆದುಕೊಂಡು ಬಂದು ನನ್ನ ಮಗಳ ಪಾದ ನೆಕ್ಕಿತು. ಅಲ್ಲಿಗೆ ಅವಳ ಮಟ್ಟಿಗೆ ವಿಷಯ ತೀರ್ಮಾನವಾಗಿಹೋಯಿತು.

"ಒಯ್ಯಿ ಪುಣೇಕ್ಕ," ಅಂದರು ಭಾವ. "ರೊಕ್ಕ ಏನೂ ಬ್ಯಾಡ. ಅಷ್ಟು ದೊಡ್ಡ ಊರಾಗ ನಮ್ಮ ಕಡೀದೊಂದು ನಾಯಿ ಇರ್ಲಿ."

ನಾನು ಹದಿನೈದು ದಿನದ ಗಡುವು ಕೇಳಿದೆ. ಮರಿ ತಾಯಿಯ ಹತ್ತಿರ ಇನ್ನೊಂದಿಷ್ಟು ದಿನ ಇರಲಿ ಎಂಬುದು ನಾನು ಕೊಟ್ಟ ಕಾರಣ. ನಿಜವಾದ ಕಾರಣ ಬೇರೆಯಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಸ್ವಾರಗೇಟದಲ್ಲಿ ಇಳಿದೆವು. 2009ರಲ್ಲಿ ಮೊದಲ ಸಲ ಇದೇ ಸ್ಟ್ಯಾಂಡಿನಲ್ಲಿ ಒಂದು ಟ್ರಂಕು ಹಿಡಿದು ಇಳಿದಾಗ ನನ್ನ ಕನ್ನಡದ ಕಿವಿಗೆ ಈ ಹೆಸರು 'ಸ್ವರ್ಗ ಗೇಟು' ಎಂದೇ ಕೇಳಿಸಿತ್ತು. ಈ ಊರಿಗೆ ಬಂದ ಹತ್ತು ಕನ್ನಡಿಗರಲ್ಲಿ ಎಂಟು ಜನ ಈ ಜೋಕನ್ನು ಮಾಡಿಯೇ ಇರುತ್ತಾರೆ, ಓದುತ್ತಿರುವ ನೀವೂ ಮಾಡಿರುತ್ತೀರಿ. ಸ್ವಾರ ಅಂದರೆ ಕುದುರೆ ಸವಾರ, ಹಳೇ ಪುಣೆಯ ಅಂಚಿನಲ್ಲಿ ಸವಾರರ ಚೌಕಿ ಇದ್ದ ಜಾಗ ಇದು ಎಂದು ಇಲ್ಲಿಯ ಹಿರಿಯರು ಹೇಳುತ್ತಾರೆ. ಈಗ ಮೇಲೆ ಫ್ಲೈಓವರ್, ಕೆಳಗೆ 2024ರ ಸೆಪ್ಟೆಂಬರಿನಲ್ಲಿ ನೆಲದಡಿಯಿಂದ ಬಂದು ನಿಂತ ಮೆಟ್ರೊ, ನಡುವೆ ಸಾತಾರಾ, ಸಾಂಗಲಿ, ಕೊಲ್ಹಾಪುರ ಎಂದು ಕೂಗುವ ಜನ. ಇಲ್ಲಿಂದ ಹತ್ತು ನಿಮಿಷ ನಡೆದರೆ ನಮ್ಮ ಮನೆ. ಲಿಫ್ಟಿಲ್ಲದ ಹಳೇ ಸೊಸೈಟಿ, ಮೂರನೇ ಮಹಡಿ, 640 ಚದರಡಿ. ನಾನು, ಹೆಂಡತಿ, ನಾಲ್ಕನೇ ಕ್ಲಾಸಿನ ಮಗಳು, ಮತ್ತೆ ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡ ಮೇಲೆ ನಮ್ಮ ಜೊತೆಗೆ ಬಂದ ಅವ್ವ.

ನಾಯಿ ತರುವ ಸುದ್ದಿ ಆಫೀಸಿನಲ್ಲಿ ಹೇಳಿದ್ದೇ ತಡ, ಸಲಹೆಗಳ ಸುರಿಮಳೆ. ಸಣ್ಣ ಮನೆಗೆ ಸಣ್ಣ ನಾಯಿ, ಪಗ್ ತಗೋ ಅಂದವರು ಕೆಲವರು. ಮಕ್ಕಳಿರುವ ಮನೆಗೆ ಲ್ಯಾಬ್ರಡಾರ್ ಬಿಟ್ಟರೆ ಬೇರೆ ಇಲ್ಲ ಅಂದವರು ಬಹಳ. ಜರ್ಮನ್ ಶೆಫರ್ಡ್ ಇದ್ದರೆ ಕಳ್ಳರ ಭಯವಿಲ್ಲ ಎಂದು ಒಬ್ಬರು. ಮೂರನೇ ಮಹಡಿಯ ನನ್ನ ಮನೆಯಿಂದ ಕಳ್ಳ ಒಯ್ಯುವಂಥದ್ದು ಏನಿದೆ ಎಂದು ಅವರು ಯೋಚಿಸಿರಲಿಲ್ಲ. ನಮ್ಮ ಟೀಮಿನ ಹುಡುಗನೊಬ್ಬ ಸೇಂಟ್ ಬರ್ನಾರ್ಡ್ ಸಾಕಿದ್ದಾನೆ. ಸ್ವಿಟ್ಜರ್ಲೆಂಡಿನ ಹಿಮದ ಕಣಿವೆಯಲ್ಲಿ ಸನ್ಯಾಸಿಗಳ ಮಠದವರು ದಾರಿ ತಪ್ಪಿದವರನ್ನು ಹುಡುಕಲು ಬೆಳೆಸಿದ ತಳಿ ಅದು. ಈ ಪುಣೆಯ ಏಪ್ರಿಲ್ಲಿನಲ್ಲಿ ಅವನ ಮನೆಯ ಎಸಿ ದಿನವಿಡೀ ನಾಯಿಗೋಸ್ಕರ ಓಡುತ್ತದೆ. ಕರೆಂಟ್ ಬಿಲ್ಲಿನ ಮಾತು ಅವನು ನಗುತ್ತಲೇ ಹೇಳುತ್ತಾನೆ. ಕರೆಂಟ್ ಹೋದಾಗ ಬಾತ್‌ರೂಮಿನ ಹಸಿ ನೆಲದ ಮೇಲೆ ಏದುಸಿರು ಬಿಡುತ್ತ ಮಲಗುವ ನಾಯಿಯ ವಿಷಯ ಬಂದಾಗ ನಗುವುದಿಲ್ಲ.

ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಮನೆ ಎಷ್ಟು ದೊಡ್ಡದು? ನಾನು ಸಲಹೆ ಕೇಳಲು ಹೋದ ಪಶುವೈದ್ಯರು ಮಾತ್ರ ಚದರಡಿಯ ಮಾತೇ ಎತ್ತಲಿಲ್ಲ. ಅವರು ಕೇಳಿದ್ದು, "ಬೆಳಿಗ್ಗೆ ಆರಕ್ಕೆ ನಿಮ್ಮ ಮನೆಯಲ್ಲಿ ಯಾರು ಎಚ್ಚರ ಇರುತ್ತಾರೆ?"

ಅವರು ವಿವರಿಸಿದ್ದು ನನ್ನ ಎಣಿಕೆಗೆ ತೀರ ಉಲ್ಟಾ ಇತ್ತು. ದೇಹ ದೊಡ್ಡದಾದ ಮಾತ್ರಕ್ಕೆ ಜಾಗ ಹೆಚ್ಚು ಬೇಕು ಅಂತಿಲ್ಲ. ಗ್ರೇಟ್ ಡೇನ್‌ನಂಥ ಕುದುರೆಮರಿ ಗಾತ್ರದ ನಾಯಿ ಮನೆಯೊಳಗೆ ಸೋಫಾದ ಪಕ್ಕ ಬಿದ್ದುಕೊಂಡು ದಿನ ಕಳೆಯಬಲ್ಲದು. ಮುಧೋಳದಂಥ ಬೇಟೆ ನಾಯಿ ಕೂಡ ಮನೆಯೊಳಗೆ ಸುಮ್ಮನೆ ಮಲಗಿಯೇ ಇರುತ್ತದೆ, ಆದರೆ ದಿನಕ್ಕೊಮ್ಮೆಯಾದರೂ ಅದಕ್ಕೆ ಹಗ್ಗವಿಲ್ಲದೆ ಓಡಲು ಬಯಲು ಬೇಕು. ವಾಸನೆ ಹಿಡಿದು ಹೋಗುವ ಜಾತಿಯಲ್ಲ ಅದು, ಕಣ್ಣಿಂದ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವ ಜಾತಿ. ರಸ್ತೆಯಾಚೆ ಒಂದು ಬೆಕ್ಕು ಕಂಡರೆ ಸಾತಾರಾ ರಸ್ತೆಯ ಬಸ್ಸು ಅದಕ್ಕೆ ಕಾಣುವುದಿಲ್ಲ. ಇನ್ನು ದೊಡ್ಡ ತಳಿಗಳ ಮರಿಗಳಿಗೆ ಕೀಲು ಗಟ್ಟಿಯಾಗಲು ಒಂದೂವರೆ ವರ್ಷವಾದರೂ ಬೇಕು, ಅಲ್ಲಿಯವರೆಗೆ ದಿನಾ ಮೂರು ಮಹಡಿ ಹತ್ತಿಳಿಸುವುದು ಒಳ್ಳೆಯದಲ್ಲ, ಎತ್ತಿಕೊಂಡು ಹೋಗಬೇಕು. ಮುದಿಯಾದ ಮೇಲೆ ಮತ್ತೆ ಎತ್ತಿಕೊಳ್ಳಬೇಕು. "ಆಗ ನಿಮಗೆಷ್ಟು ವಯಸ್ಸು?" ಎಂದು ಕೇಳಿದರು. ಲೆಕ್ಕ ಹಾಕಿದೆ, ಐವತ್ತು ದಾಟಿರುತ್ತದೆ. 25 ಕಿಲೋ ನಾಯಿ, ಐವತ್ತೆರಡು ಮೆಟ್ಟಿಲು, ನನ್ನ ಸೊಂಟ. ನಾಯಿಯ ತಳಿ ಆರಿಸಲು ಹೋದವನು ನನ್ನ ಮುಪ್ಪನ್ನು ನೋಡಿಕೊಂಡು ಬಂದೆ.

ಅವತ್ತು ರಾತ್ರಿ ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನೂ ಹೆಂಡತಿಯೂ ಮನೆಯ ಗಂಟೆಗಳ ಲೆಕ್ಕ ಬರೆದೆವು. ನನ್ನ ಕಂಪನಿ ಬಸ್ಸು ಏಳೂವರೆಗೆ. ಹಿಂಜವಡಿ ಇಲ್ಲಿಂದ 20 ಕಿಲೋಮೀಟರಿಗೂ ದೂರ, ವಾಪಸಾಗುವುದು ಎಂಟೂವರೆಗೆ. ಅವಳು ಬ್ಯಾಂಕಿಗೆ ಒಂಬತ್ತಕ್ಕೆ ಹೊರಟು ಏಳಕ್ಕೆ ಬರುತ್ತಾಳೆ. ಮಗಳ ಶಾಲೆ, ಆಮೇಲೆ ಟ್ಯೂಷನ್ನು. ಎಲ್ಲ ಕೂಡಿಸಿ ಕಳೆದು ನೋಡಿದರೆ ನಾಯಿಯ ಪಾಲಿಗೆ ಉಳಿಯುವುದು ಬೆಳಿಗ್ಗೆ ಅರ್ಧ ತಾಸು, ರಾತ್ರಿ ಅರ್ಧ ತಾಸು. ಅದೂ ನಮ್ಮಿಬ್ಬರಲ್ಲಿ ಯಾರೋ ಒಬ್ಬರ ನಿದ್ದೆಯಿಂದ ಕದ್ದದ್ದು. ಉಳಿದ ಸಮಯಕ್ಕೆ ನಾನು ಬಹಳ ಸರಳವಾದ ಉತ್ತರ ಹೇಳಿದೆ: "ಅವ್ವ ಇದ್ದಾಳಲ್ಲ."

ಹೆಂಡತಿ ಪೆನ್ನು ಕೆಳಗಿಟ್ಟಳು. ಅವಳು ಏನೂ ಅನ್ನಲಿಲ್ಲ. ಆದರೆ 'ನಾವು ನಾಯಿ ಸಾಕುತ್ತೇವೆ' ಎಂಬ ವಾಕ್ಯದಲ್ಲಿ 'ನಾವು' ಅಂದರೆ ಯಾರು ಎಂಬ ಪ್ರಶ್ನೆ ಆ ಕ್ಯಾಲೆಂಡರಿನ ಮೇಲೆಯೇ ಕೂತಿತ್ತು. ಆಸೆ ಮಗಳದ್ದು, ಅಭಿಮಾನ ನನ್ನದು, ಉಚ್ಚೆ ಒರೆಸುವ ಬಟ್ಟೆ ಇನ್ಯಾರದೋ ಕೈಯಲ್ಲಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದೊಡ್ಡ ನಾಯಿ ಗಂಡಸಿನ ಹೆಸರಲ್ಲಿರುತ್ತದೆ, ಅದರ ರೊಟ್ಟಿ ಹೆಂಗಸಿನ ಹೆಂಚಿನ ಮೇಲಿರುತ್ತದೆ.

ಅಭಿಮಾನದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮುಧೋಳ ನಾಯಿ ಎಂದರೆ ನಮ್ಮ ಬಾಗಲಕೋಟೆ ಜಿಲ್ಲೆಯವರಿಗೆ ಎದೆಯುಬ್ಬುತ್ತದೆ. ಘಟಪ್ರಭೆಯ ದಂಡೆಯ ಮುಧೋಳ ಕವಿ ರನ್ನನ ಊರು, ಅದರ ಜೊತೆಗೆ ನಾಯಿಯ ಊರು. ಘೋರ್ಪಡೆ ಮನೆತನದ ರಾಜಾ ಮಾಲೋಜಿರಾವ್ ಈ ತಳಿಯನ್ನು ಪೋಷಿಸಿದರು, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರು ಎಂಬ ಕಥೆ ಕೇಳದೆ ಅಲ್ಲಿ ಯಾರೂ ದೊಡ್ಡವರಾಗುವುದಿಲ್ಲ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ತಳಿಗಳ ಚೀಟಿ ತಂದಾಗ ಅದರಲ್ಲೊಂದು ನಮ್ಮದು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಲ್ಲಿಯ ಮರಿಗಳು 2016ರಲ್ಲಿ ತರಬೇತಿಗೆಂದು ಮೀರತ್ತಿನ ಸೇನಾ ಕೇಂದ್ರಕ್ಕೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿಗಳು ರೇಡಿಯೋದ ಮನದ ಮಾತಿನಲ್ಲಿ ಹೆಸರು ಹೇಳಿದ ಮೇಲಂತೂ ಮರಿಗಳ ರೇಟು ಏರಿತು ಎಂದು ಭಾವ ಇಂದಿಗೂ ಖುಷಿಯಲ್ಲಿ ಹೇಳುತ್ತಾರೆ.

ಇಲ್ಲಿ ಒಂದು ತಮಾಷೆಯಿದೆ. ಇದೇ ನಾಯಿಯನ್ನು ಮಹಾರಾಷ್ಟ್ರದವರು ಕಾರವಾನಿ ಎನ್ನುತ್ತಾರೆ. ಊರೂರು ತಿರುಗುವ ಕಾರವಾನುಗಳ ಜೊತೆ ಬಂದದ್ದು, ಆದ್ದರಿಂದ ಆ ಹೆಸರು. ಕೆನಲ್ ಕ್ಲಬ್ಬಿನ ಪುಸ್ತಕದಲ್ಲೂ ಅದು ಕ್ಯಾರವಾನ್ ಹೌಂಡ್. ನಮ್ಮ ಸೊಸೈಟಿಯ ಕಾರ್ಯದರ್ಶಿ ಲಾತೂರಿನ ಕಡೆಯವರು. ನಾನು "ಮುಧೋಳ" ಅಂದರೆ ಅವರು "ಅಂದ್ರೆ ಕಾರವಾನಿ" ಎಂದು ತಿದ್ದುತ್ತಾರೆ, ಅವರು "ಕಾರವಾನಿ" ಅಂದರೆ ನಾನು ತಿದ್ದುತ್ತೇನೆ. ಬೆಳಗಾವಿಯ ಜಗಳದ ಒಂದು ಮರಿ ನಮ್ಮ ಮೆಟ್ಟಿಲ ಮೇಲೆ ಆಡುತ್ತಿತ್ತು ಅನ್ನಿ. ಆ ತಿದ್ದುಪಡಿ ನಡೆಯುತ್ತಿರುವಾಗಲೇ ನನಗೆ ಹೊಳೆದದ್ದು, ಈ ನಾಯಿ ನನಗೆ ಯಾಕೆ ಬೇಕಾಗಿದೆ ಎಂಬುದು. ಸಂಜೆ ಸಾರಸಬಾಗಿನ ಎದುರು ಅದನ್ನು ಹಿಡಿದು ನಡೆಯುವಾಗ ಯಾರಾದರೂ ನಿಲ್ಲಿಸಿ "ಇದು ಯಾವ ತಳಿ?" ಎಂದು ಕೇಳಬೇಕು, ನಾನು ಊರಿನ ಹೆಸರು ಹೇಳಬೇಕು. ನವೆಂಬರ್ ಒಂದಕ್ಕೆ ಡಿಪಿ ಬದಲಿಸುವ ಹಾಗೆ. ಹದಿನೈದು ವರ್ಷ ಊರು ಬಿಟ್ಟಿದ್ದವನಿಗೆ ಊರನ್ನು ಒಂದು ಹಗ್ಗದ ತುದಿಯಲ್ಲಿ ಹಿಡಿದುಕೊಳ್ಳುವ ಆಸೆ. ಆಸೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಜೀವವಿರುವ ಒಂದನ್ನು ಬಳಸಬಹುದೇ? ಕಪ್ಪುಮಣ್ಣಿನ ಹೊಲದಲ್ಲಿ ಮೊಲದ ಹಿಂದೆ ಓಡಲೆಂದು ಎಷ್ಟೋ ತಲೆಮಾರು ಆರಿಸಿ ಆರಿಸಿ ಮಾಡಿದ ಆ ಉದ್ದನೆಯ ಬೆನ್ನು, ಆಳದ ಎದೆ, ಇಲ್ಲವೆನ್ನುವಷ್ಟು ಸಣ್ಣ ಹೊಟ್ಟೆ. ಅದನ್ನು ತಂದು ಅಡುಗೆಮನೆಯಿಂದ ಬಾಲ್ಕನಿಯವರೆಗಿನ ಹದಿನಾಲ್ಕು ಹೆಜ್ಜೆಯಲ್ಲಿ ಇಟ್ಟರೆ ಅಲ್ಲಿರುವುದು ಮುಧೋಳ ನಾಯಿಯೋ ಅದರ ಚಿತ್ರವೋ?

ಭಾವನ ವಾದ ಬಲವಾಗಿಯೇ ಇತ್ತು. ಫೋನಿನಲ್ಲಿ ಅಂದರು, "ನಿಮ್ಮಂಥಾವ್ರು ಸಾಕಲಿಲ್ಲ ಅಂದ್ರ ತಳಿ ಉಳಿಯೂದು ಹ್ಯಾಂಗ? ಬರೇ ಲ್ಯಾಬು, ಪಮೇರಿಯನ್ನು ಸಾಕ್ರಿ." ಸುಳ್ಳಲ್ಲ. ಬೇಟೆ ಕಾನೂನುಬಾಹಿರವಾಗಿದೆ, ಹೊಲ ಕಾಯುವ ಕೆಲಸವೂ ಕಡಿಮೆಯಾಗುತ್ತಿದೆ, ಕೊಳ್ಳುವವರಿಲ್ಲದೆ ತಳಿ ಉಳಿಯದು. ಎರಡು ದಿನ ಈ ಮಾತು ತಲೆಯಲ್ಲಿ ಸುತ್ತಿತು. ಆದರೆ ತಳಿಗೆ ಒಂಟಿತನವಿಲ್ಲ, ಹಸಿವಿಲ್ಲ, ಬಾಗಿಲ ಸದ್ದಿಗೆ ಕಿವಿ ನಿಮಿರುವುದಿಲ್ಲ. ಅವೆಲ್ಲ ಇರುವುದು ಆ ಕಂದು ಮರಿಗೆ. ತಳಿಯ ಉಳಿವಿಗಾಗಿ ಒಂದು ಮರಿ ಹನ್ನೆರಡು ವರ್ಷ ಬಾಲ್ಕನಿಯ ಸರಳಿನಿಂದ ಸ್ವಾರಗೇಟದ ಟ್ರಾಫಿಕ್ ನೋಡುತ್ತ ಕೂರಲಿ ಎಂದು ಹೇಳುವ ಹಕ್ಕು ನನಗೆ ಎಲ್ಲಿಂದ ಬಂತು? ತಳಿ ಉಳಿಸುವವರು ಬಯಲಿರುವವರಾಗಬೇಕು, ಇಲ್ಲವೇ ಬಯಲಿಗೆ ದಿನಾ ಕರೆದೊಯ್ಯುವಷ್ಟು ಬಿಡುವಿರುವವರು. ನಾನು ಎರಡೂ ಅಲ್ಲ. ಹೊಗಳುವವರು ಮಾತ್ರ.

ಸೊಸೈಟಿಯಲ್ಲಿ ಒಂದು ಮೀಟಿಂಗೂ ಆಯಿತು. ದೊಡ್ಡ ನಾಯಿ ಬ್ಯಾನ್ ಆಗಿದೆ ಎಂದು ಒಬ್ಬರು ವಾದಿಸಿದರು. 2024ರ ಮಾರ್ಚಿನಲ್ಲಿ ಕೇಂದ್ರ ಸರಕಾರ 23 ತಳಿಗಳ ಪಟ್ಟಿ ಮಾಡಿ ಸುತ್ತೋಲೆ ಹೊರಡಿಸಿದ್ದು ನಿಜ. ಏಪ್ರಿಲ್ಲಿನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿದ್ದೂ ನಿಜ, ಮತ್ತು ಮುಧೋಳ ಆ ಪಟ್ಟಿಯಲ್ಲೇ ಇರಲಿಲ್ಲ. ಮಹಾನಗರಪಾಲಿಕೆಯ ಲೈಸೆನ್ಸು, ರೇಬಿಸ್ ಲಸಿಕೆಯ ಸರ್ಟಿಫಿಕೇಟು ಇದ್ದರೆ ಸೊಸೈಟಿ ತಡೆಯುವಂತಿಲ್ಲ. ಕಾನೂನು ನನ್ನ ಕಡೆಗಿತ್ತು. ಮೀಟಿಂಗಿನಲ್ಲಿ ಗೆದ್ದು ಬಂದೆ. ಗೆದ್ದ ಮೇಲೂ ಭಾವನಿಗೆ ಫೋನು ಮಾಡಲಿಲ್ಲ.

ಈಗ ನಿಜವಾದ ಕಾರಣ.

2012ರಲ್ಲಿ, ಮದುವೆಗೆ ಮುಂಚೆ, ಮುಕುಂದನಗರದ ಬಾಡಿಗೆ ಮನೆಯಲ್ಲಿ ನಾವು ಮೂವರು ಹುಡುಗರಿದ್ದೆವು. ಒಂದು ಶನಿವಾರ ಸಂಬಳದ ಹುಮ್ಮಸ್ಸಿನಲ್ಲಿ ಹೋಗಿ ಲ್ಯಾಬ್ರಡಾರ್ ಮರಿ ತಂದೆ. ಬಂಡು ಎಂದು ಹೆಸರಿಟ್ಟೆ, ನಮ್ಮ ಹೂವಿನ ಬಂಡು. ಮರಾಠಿಯಲ್ಲಿ ಅದು ಮನೆಮನೆಯ ಮುದ್ದಿನ ಹೆಸರು, ನಾನು ಬಾಲ್ಕನಿಯಿಂದ "ಬಂಡೂ" ಎಂದು ಕೂಗಿದರೆ ಎದುರು ಬಿಲ್ಡಿಂಗಿನ ಅಂಕಲ್ ಒಬ್ಬರು ಓಗೊಡುತ್ತಿದ್ದರು. ಬಂಡು ನನ್ನನ್ನು ನೋಡುತ್ತಿದ್ದ ರೀತಿ ಬೇರೆ ಯಾರೂ ನನ್ನನ್ನು ನೋಡಿಲ್ಲ. ನಾನು ಊಟಕ್ಕೆ ಕೂತರೆ ಮೊಣಕಾಲಿನ ಮೇಲೆ ಗದ್ದವಿಟ್ಟು, ರೆಪ್ಪೆ ಹೊಡೆಯದೆ. ಅದು ಪ್ರೀತಿ ಎಂದುಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಓದಿದೆ: 2016ರಲ್ಲಿ ಕೇಂಬ್ರಿಜ್‌ನ ವಿಜ್ಞಾನಿಗಳು ಲ್ಯಾಬ್ರಡಾರ್‌ಗಳಲ್ಲಿ ಒಂದು ವಂಶವಾಹಿಯ ದೋಷ ಗುರುತಿಸಿದರು, ಸುಮಾರು ನಾಲ್ಕರಲ್ಲಿ ಒಂದಕ್ಕೆ ಅದು ಇರುತ್ತದೆ, ಇದ್ದ ನಾಯಿಗೆ ಉಂಡರೂ ಹಸಿವು ಇಂಗುವುದಿಲ್ಲ. ಬಂಡುಗೆ ಅದಿತ್ತೋ ಇಲ್ಲವೋ ಈಗ ಯಾರು ಹೇಳಬೇಕು. ಆದರೆ ಅವನು ನೋಡುತ್ತಿದ್ದದ್ದು ನನ್ನನ್ನೋ ತಟ್ಟೆಯನ್ನೋ ಎಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವ ಅಗತ್ಯ ನನಗಿರಲಿಲ್ಲ, ನನಗೆ ಬೇಕಾದ ಉತ್ತರ ಸಿಕ್ಕಿತ್ತು.

2015ರಲ್ಲಿ ಕಂಪನಿ ನನ್ನನ್ನು ಹನ್ನೊಂದು ತಿಂಗಳಿಗೆ ಹೊರದೇಶಕ್ಕೆ ಕಳಿಸಿತು. ಜೊತೆಗಿದ್ದ ಹುಡುಗರಲ್ಲಿ ಒಬ್ಬ ಮದುವೆಯಾಗಿ ಹೋಗಿದ್ದ, ಇನ್ನೊಬ್ಬ ಬೆಂಗಳೂರಿಗೆ. ಪರಿಚಯದವರ ಕಡೆಯಿಂದ ಸಾಸವಡದ ಆಚೆ ಒಂದು ತೋಟದ ಮನೆ ಗೊತ್ತಾಯಿತು. ಬಂಡುವನ್ನು ಅಲ್ಲಿ ಬಿಟ್ಟು ಬಂದೆ. "ಜಾಗ ದೊಡ್ಡದಿದೆ, ಇಲ್ಲಿಗಿಂತ ಆರಾಮಾಗಿರುತ್ತಾನೆ" ಎಂದು ಎಲ್ಲರಿಗೂ ಹೇಳಿದೆ. ಆ ವಾಕ್ಯವನ್ನು ಎಷ್ಟು ಜನರಿಗೆ ಹೇಳಿದೆನೆಂದರೆ ವಿಮಾನ ಹತ್ತುವ ಹೊತ್ತಿಗೆ ನನಗೂ ನಂಬಿಕೆ ಬಂದಿತ್ತು. ವಾಪಸು ಬಂದ ಮೇಲೆ ಒಂದು ಭಾನುವಾರ ನೋಡಲು ಹೋದೆ. ತಗಡಿನ ಶೆಡ್ಡಿನ ಕೆಳಗೆ ಸರಪಳಿಯಲ್ಲಿದ್ದ. ಮೈ ದಪ್ಪಗಾಗಿತ್ತು, ಮೊಣಕೈ ಮೇಲಿನ ಕೂದಲು ಉದುರಿ ಚರ್ಮ ಗಟ್ಟಿಯಾಗಿತ್ತು. ನನ್ನನ್ನು ಕಂಡು ಎದ್ದು ನಿಂತ. ಚೀಲ ಮೂಸಿದ. ಆಮೇಲೆ ಇಡೀ ಮೈ ಅಲುಗಿಸುತ್ತ ಮೊಣಕಾಲಿಗೆ ಗದ್ದ ತಂದಿಟ್ಟ, ಚೀಲದಲ್ಲಿ ಏನೂ ಇರಲಿಲ್ಲ. ತೋಟದವರನ್ನು ನಾನು ದೂರುವುದಿಲ್ಲ, ಅವರು ನಾಯಿ ಕೇಳಿರಲಿಲ್ಲ, ನಾನು ಕೊಟ್ಟಿದ್ದೆ. ಆಗ ನಾನಿದ್ದ ಮನೆಯ ಮಾಲೀಕರಿಗೆ ನಾಯಿ ಆಗುತ್ತಿರಲಿಲ್ಲ. ಬೇರೆ ಮನೆ ಹುಡುಕಬಹುದಿತ್ತು. ಮುಂದಿನ ತಿಂಗಳು ನನ್ನ ಮದುವೆ ಇತ್ತು. ಅರ್ಧ ಗಂಟೆ ಕೂತು ಬಂದೆ. ಮತ್ತೆ ಹೋಗಲಿಲ್ಲ. ಎರಡು ವರ್ಷದ ಮೇಲೆ ಅವರೇ ಮೆಸೇಜು ಮಾಡಿ ತಿಳಿಸಿದರು.

ನಾಯಿ ಎಂದ ಕೂಡಲೇ ಧರ್ಮರಾಯನನ್ನು ತರುವುದು ನಮ್ಮ ಬರಹಗಾರರ ಹಳೇ ಚಟ, ನಾನೂ ತರುತ್ತಿದ್ದೇನೆ. ನಮ್ಮೂರ ಗುಡಿಯಲ್ಲಿ ಶ್ರಾವಣದ ತುಂಬ ಕುಮಾರವ್ಯಾಸನ ಭಾರತ ಓದುತ್ತಿದ್ದರು. ಆದರೆ ಕುಮಾರವ್ಯಾಸ ಬರೆದದ್ದು ಮೊದಲ ಹತ್ತು ಪರ್ವ, ಗದಾಪರ್ವಕ್ಕೆ ನಿಲ್ಲುತ್ತದೆ. ಉಳಿದದ್ದನ್ನು ಮುಂದೆ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ, ಅದನ್ನು ನಮ್ಮ ಗುಡಿಯಲ್ಲಿ ಓದಿದ್ದು ನನಗೆ ನೆನಪಿಲ್ಲ. ಹಾಗಾಗಿ ಚಿಕ್ಕಂದಿನಲ್ಲಿ ನನ್ನ ಭಾರತ ದುರ್ಯೋಧನನ ತೊಡೆ ಮುರಿಯುವಲ್ಲಿಗೆ ಮುಗಿಯುತ್ತಿತ್ತು. ನಾಯಿ ಬರುವುದು ಅದಕ್ಕಿಂತ ಬಹಳ ಮುಂದೆ, ಮಹಾಪ್ರಸ್ಥಾನಿಕ ಪರ್ವದಲ್ಲಿ. ಅದನ್ನು ನಾನು ಓದಿದ್ದು ಪುಣೆಗೆ ಬಂದ ಮೇಲೆ. ಲಾ ಕಾಲೇಜು ರಸ್ತೆಯ ಭಾಂಡಾರಕರ ಸಂಸ್ಥೆಯವರು 1919ರಿಂದ 1966ರವರೆಗೆ ದೇಶದ ಹಸ್ತಪ್ರತಿಗಳನ್ನೆಲ್ಲ ಕೂಡಿಸಿ, ಪಾಠ ಪರಿಶೀಲಿಸಿ ಭಾರತದ ಶುದ್ಧ ಪ್ರತಿ ತಂದ ಊರಲ್ಲವೇ ಇದು.

ಕಥೆ ನಿಮಗೆ ಗೊತ್ತು. ಹಸ್ತಿನಾಪುರ ಬಿಟ್ಟು ಹೊರಟ ಪಾಂಡವರ ಹಿಂದೆ ಒಂದು ನಾಯಿ ಬರುತ್ತದೆ. ದಾರಿಯಲ್ಲಿ ದ್ರೌಪದಿ, ನಂತರ ತಮ್ಮಂದಿರು ಒಬ್ಬೊಬ್ಬರಾಗಿ ಬೀಳುತ್ತಾರೆ, ಧರ್ಮರಾಯ ಹಿಂತಿರುಗಿ ನೋಡದೆ ನಡೆಯುತ್ತಾನೆ. ಇಂದ್ರ ರಥ ತಂದು ನಾಯಿಗೆ ಸ್ವರ್ಗದಲ್ಲಿ ಜಾಗವಿಲ್ಲ ಅಂದಾಗ ಹಾಗಾದರೆ ನಾನೂ ಬರುವುದಿಲ್ಲ ಅನ್ನುತ್ತಾನೆ. ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ನಾನು ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಬಹುದಿತ್ತು. ಆದರೆ ಎರಡು ವಿಷಯ ನನ್ನನ್ನು ತಡೆದವು. ಒಂದು, ಧರ್ಮರಾಯ ಆ ನಾಯಿಯನ್ನು ಆರಿಸಲಿಲ್ಲ. ತಳಿ ನೋಡಲಿಲ್ಲ, ಎತ್ತರ ಅಳೆಯಲಿಲ್ಲ, ಅದು ತಾನಾಗಿ ಹಿಂದೆ ಬಂತು. ಮತ್ತೆ ಆ ಹೊತ್ತಿಗೆ ಅವನು ರಾಜ್ಯ, ಮನೆ, ಕೆಲಸ ಎಲ್ಲವನ್ನೂ ಬಿಟ್ಟು ಬಂದಿದ್ದ. ಅವನ ಹತ್ತಿರ ಉಳಿದದ್ದು ಸಮಯವೊಂದೇ. ಏಳೂವರೆಯ ಕಂಪನಿ ಬಸ್ಸು ಹಿಡಿಯುವ ಧರ್ಮರಾಯ ಏನು ಮಾಡುತ್ತಿದ್ದ ಎಂದು ವ್ಯಾಸರು ಬರೆದಿಲ್ಲ.

ಇನ್ನೊಂದು ಹೆಚ್ಚು ಚುಚ್ಚುವಂಥದ್ದು. ಹೆಂಡತಿಯನ್ನೂ ತಮ್ಮಂದಿರನ್ನೂ ಬಿಟ್ಟು ಬಂದವನು ನಾಯಿಯನ್ನೇಕೆ ಬಿಡಲಾರೆ ಎಂದು ಇಂದ್ರ ಕೇಳುತ್ತಾನೆ. ಅದಕ್ಕೆ ಧರ್ಮರಾಯನ ಉತ್ತರದ ಸಾರ ಇಷ್ಟು: ಅವರು ಸತ್ತ ಮೇಲೆ ಬಿಟ್ಟೆ, ಸತ್ತವರಿಗೆ ನಾನು ಮಾಡಬಹುದಾದ್ದು ಏನೂ ಇರಲಿಲ್ಲ, ಬದುಕಿರುವಾಗ ಬಿಡಲಿಲ್ಲ. ಭಾರತದ ಶುರುವಿನಲ್ಲೂ ಒಂದು ನಾಯಿ ಇದೆ. ಜನಮೇಜಯನ ತಮ್ಮಂದಿರು ತಪ್ಪಿಲ್ಲದೆ ಹೊಡೆದ ಮರಿ, ಅದರ ತಾಯಿ ಸರಮೆ ಬಂದು ನ್ಯಾಯ ಕೇಳುತ್ತಾಳೆ, ನಿನಗೆ ಕಾಣದ ಭಯವೊಂದು ಬರಲಿ ಎಂದು ಶಪಿಸುತ್ತಾಳೆ. ನಾವು ಕೊನೆಯ ನಾಯಿಯನ್ನು ಹೇಳಿಕೊಂಡು ಹಿಗ್ಗುತ್ತೇವೆ, ಮೊದಲನೆಯದನ್ನು ಮರೆಯುತ್ತೇವೆ. ಬಂಡು ಬದುಕಿರುವಾಗ ಬಿಟ್ಟವನು ನಾನು. ನನ್ನ ಜಾಗ ಸರಮೆಯ ಎದುರಿಗೆ.

ಇದನ್ನೆಲ್ಲ ಆಫೀಸಿನ ಗೆಳೆಯನ ಹತ್ತಿರ ಹೇಳಿದಾಗ ಅವನು ನಕ್ಕ. "ಹೀಗೆ ಲೆಕ್ಕ ಹಾಕುತ್ತ ಕೂತರೆ ಮಕ್ಕಳನ್ನೂ ಹೆರುವಂತಿಲ್ಲ ಮಾರಾಯ. ಗಂಟೆ ಎಲ್ಲಿಂದ ಬರುತ್ತೆ, ಬಂದ ಮೇಲೆ ಹೊಂದಿಕೊಳ್ಳುತ್ತೆ" ಅಂದ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಪೂರ್ತಿ ಸಿದ್ಧವಾಗಿ ಯಾರೂ ಯಾರನ್ನೂ ಮನೆಗೆ ತಂದುಕೊಳ್ಳುವುದಿಲ್ಲ. ಆದರೆ ಮಗುವಿಗೆ ಬೇಕಾದ ಗಂಟೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದು ಶಾಲೆಗೆ ಹೋಗುತ್ತದೆ, ಗೆಳೆಯರನ್ನು ಮಾಡಿಕೊಳ್ಳುತ್ತದೆ, ಒಂದು ದಿನ ಮನೆಯ ಕೀಲಿ ಕೇಳುತ್ತದೆ. ನಾಯಿಯ ಕೈಗೆ ಕೀಲಿ ಎಂದೂ ಬರುವುದಿಲ್ಲ. ಕೊನೆಯ ದಿನದವರೆಗೂ ಬಾಗಿಲು ತೆಗೆಯುವವರು ನಾವೇ.

ಹದಿನೈದು ದಿನದ ಗಡುವು ಮುಗಿಯಲು ಎರಡು ದಿನ ಇತ್ತು. ರಾತ್ರಿ ಊಟಕ್ಕೆ ಕೂತಾಗ ಮಗಳು ಕೊನೆಯ ಸಲ ಗೋಗರೆದಳು. "ಅಜ್ಜಿ ಇರ್ತಾಳಲ್ಲ ಮನೇಲಿ, ಅಜ್ಜಿ ಜೊತೆ ಇರುತ್ತೆ" ಅಂದಳು. ನನ್ನ ವಾಕ್ಯವೇ ಅವಳ ಬಾಯಲ್ಲಿ. ಅವ್ವ ರೊಟ್ಟಿ ಮುರಿಯುತ್ತಿದ್ದಳು. ತಲೆ ಎತ್ತದೆ ಅಂದಳು, "ನಾಯಿ ಕಾಯಾಕ ನನಗೇನೂ ಬ್ಯಾಸರಿಲ್ಲವಾ. ಆದರ ಅದನ್ನ ಹಿತ್ತಲದಾಗಿಂದ ಎತ್ತಿಕೊಂಡು ಬಂದು ಇಲ್ಲಿ ಏನ್ ಮಾಡಿಸ್ತೀರಿ?" ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ನೋಡಿದಳು. "ನನ್ನೂ ಹಿಂಗ ಕರಕೊಂಡು ಬಂದಿ."

ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಸಾರು ಬಡಿಸುತ್ತ ಹೇಳುವ ಮಾತಿನ ಹಾಗೆ ಹೇಳಿದಳು. ಹೆಂಡತಿ ಎದ್ದು ನೀರು ತರಲು ಹೋದಳು. ಅವ್ವನ ಕೈಯಲ್ಲಿ ಮನೆಯ ಕೀಲಿ ಇದೆ. ಆದರೆ ಮೊಣಕಾಲು ನೋವು, ಐವತ್ತೆರಡು ಮೆಟ್ಟಿಲು, ಕೆಳಗಿಳಿದರೆ ಎಲ್ಲರದ್ದೂ ಮರಾಠಿ. ಎರಡು ವರ್ಷದಲ್ಲಿ ಅವಳು ತಾನಾಗಿ ಎಷ್ಟು ಸಲ ಕೆಳಗಿಳಿದಿದ್ದಾಳೆ ಎಂದು ಎಣಿಸಲು ಹೊರಟೆ, ಒಂದು ಕೈ ಬೆರಳು ಸಾಕಾದವು. "ಊರಲ್ಲಿ ಒಬ್ಬಳೇ ಇರೋದಕ್ಕಿಂತ ಇಲ್ಲಿ ಆರಾಮಾಗಿರ್ತಾಳೆ" ಎಂದು ನಾನು ಅಪ್ಪನ ತಿಥಿಯ ದಿನ ಎಲ್ಲರಿಗೂ ಹೇಳಿದ್ದು ನೆನಪಾಯಿತು. ಆ ವಾಕ್ಯವನ್ನು ಮೊದಲೂ ಎಲ್ಲೋ ಹೇಳಿದ್ದೆ.

ಮರುದಿನ ಭಾವನಿಗೆ ಫೋನು ಮಾಡಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆ ಕಂದು ಮರಿಯನ್ನು ಜತ್ತ ಕಡೆಯ ಕುರಿಗಾರರೊಬ್ಬರು ಒಯ್ದರು ಎಂದು ಆಮೇಲೆ ತಿಳಿಯಿತು. ಮಗಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಮೂರನೇ ದಿನ ಅವಳೇ ಒಂದು ದಾರಿ ಹುಡುಕಿಕೊಂಡು ಬಂದಳು. ನಮ್ಮ ಬಿಲ್ಡಿಂಗಿನ ಕೆಳಮಹಡಿಯಲ್ಲಿ ರಿಟೈರ್ಡ್ ಮಾಸ್ತರರ ಮನೆಯಲ್ಲಿ ಒಂಬತ್ತು ವರ್ಷದ ಜರ್ಮನ್ ಶೆಫರ್ಡ್ ಇದೆ. ಮಗ ಕೊಡಿಸಿ ಕೆನಡಾಕ್ಕೆ ಹೋದ. ಮಾಸ್ತರರಿಗೆ ಈಗ ಎಪ್ಪತ್ತಾರು, ಹಗ್ಗ ಹಿಡಿಯಲಾರರು. ನಾಯಿಗೂ ಹಿಂಗಾಲು ಸ್ವಲ್ಪ ಎಳೆಯುತ್ತದೆ. ಬೆಳಿಗ್ಗೆ ಆರಕ್ಕೆ ಅದನ್ನು ನಾವು ತಿರುಗಾಡಿಸಬಹುದೇ ಎಂದು ಮಗಳು ಹೋಗಿ ಕೇಳಿ ಬಂದಿದ್ದಳು.

ಈಗ ಮೂವತ್ತೊಂದು ದಿನ. ಆರಕ್ಕೆ ಇಳಿದು ಸಾರಸಬಾಗಿನ ಗೋಡೆಯ ಗುಂಟ ಹೋಗಿ ಬರುತ್ತೇವೆ, ಅದರ ನಡಿಗೆಗೆ ನಲವತ್ತು ನಿಮಿಷ. ಭಾನುವಾರ ಅವ್ವನೂ ಇಳಿಯುತ್ತಾಳೆ. ಮೆಟ್ಟಿಲಿಗೆ ಹತ್ತು ನಿಮಿಷ ಬೇಕು, ನಾನು ಕೈ ಹಿಡಿಯುತ್ತೇನೆ, ಆಮೇಲೆ ಮಾಸ್ತರರ ಹೆಂಡತಿಯ ಜೊತೆ ಕಟ್ಟೆಯ ಮೇಲೆ ಕೂರುತ್ತಾಳೆ. ಆಕೆ ಸೊಲ್ಲಾಪುರದವರು, ಕನ್ನಡ ಬರುತ್ತದೆ. ಇಷ್ಟು ದಿನ ನಮಗದು ಗೊತ್ತೇ ಇರಲಿಲ್ಲ. ಮೂವತ್ತೊಂದರಲ್ಲಿ ಎರಡು ದಿನ ತಪ್ಪಿಸಿದೆವು, ಒಂದು ದಿನ ನನಗೆ ರಾತ್ರಿ ಕಾಲ್ ಇತ್ತು, ಇನ್ನೊಂದು ದಿನ ಸುಮ್ಮನೆ ನಿದ್ದೆ. ಆ ಎರಡೂ ದಿನ ಅದು ಆರರಿಂದ ಎಂಟರವರೆಗೆ ಬಾಗಿಲ ಹತ್ತಿರ ಕೂತಿತ್ತಂತೆ.